ಗುರುವಾರದ ಸಿನಿಮಾಗಳು

ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರಖಾನೆಗಳಿಗೆ ವಾರದ ರಜೆ ಗುರುವಾರ. ಬಂಧು ಬಳಗದವರೆಲ್ಲ ಭಾನುವಾರವೇ ಮದುವೆ, ಸೀಮಂತ, ಗೃಹಪ್ರವೇಶ ಇಟ್ಟುಕೊಂಡು ‘ನೀನು ಬರಲೇ ಇಲ್ಲ’ ಎಂದು ಮುಖ ಊದಿಸಿಕೊಳ್ಳುತ್ತಾರೆ. ಆ ಕಥೆ ಬೇರೆ. ಸಿನಿಮಾದ ಮಟ್ಟಿಗೆ ಹೇಳುವುದಾದರೆ, ಹೊಸ ಚಿತ್ರ ಬರುವುದು ಶುಕ್ರವಾರ. ಅಂದರೆ ನಾನು ಟಿಕೆಟ್ ತೆಗೆಯುವ ಹೊತ್ತಿಗೆ ಆ ಚಿತ್ರದ ಮೊದಲ ವಾರ ಮುಗಿಯುವುದಕ್ಕೆ ಕೆಲವೇ ತಾಸು ಬಾಕಿ. ಅಷ್ಟರಲ್ಲಿ ಹೊಗಳುವವರು ಹೊಗಳಿ, ಬಯ್ಯುವವರು ಬಯ್ದು, ಕೊಲೆ ಮಾಡಿದವನು ಯಾರೆಂದು ಚಹಾದ ವೇಳೆಯಲ್ಲಿ ಯಾರಾದರೊಬ್ಬರು ಬಾಯಿ ಬಿಟ್ಟಾಗಿರುತ್ತದೆ. ಆಕುರ್ಡಿಯ ಚಿತ್ರಮಂದಿರದಲ್ಲಿ ಮಧ್ಯಾಹ್ನದ ಆಟಕ್ಕೆ ಹೋದರೆ ಹಿಂದಿನ ಸಾಲಿನಲ್ಲಿ ಒಂದು ಕಾಲೇಜಿನ ಜೋಡಿ, ಅಲ್ಲಲ್ಲಿ ನನ್ನಂಥ ಗುರುವಾರದ ರಜೆಯವರು ಒಂದಷ್ಟು ಮಂದಿ. ನನಗೆ ಇದು ಹಿಡಿಸುತ್ತದೆ. ಗದ್ದಲವೆಲ್ಲ ಅಡಗಿದ ಮೇಲೆ ಚಿತ್ರ ತನ್ನ ಕಾಲ ಮೇಲೆ ತಾನು ನಿಲ್ಲಬೇಕಾಗುತ್ತದೆ.

ನಾನು ಕೆಲಸ ಮಾಡುವುದು ವಾಹನದ ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರಖಾನೆಯ ಗುಣಮಟ್ಟ ವಿಭಾಗದಲ್ಲಿ. ಲೇತಿನಿಂದ ಇಳಿದ ಶಾಫ್ಟಿಗೆ ಮೈಕ್ರೋಮೀಟರ್ ಹಿಡಿಯುವುದು, ರಂಧ್ರದೊಳಗೆ ಗೋ ಗೇಜ್, ನೋ-ಗೋ ಗೇಜ್ ಎಂಬ ಅಳತೆಗಡ್ಡಿಗಳನ್ನು ತೂರಿಸಿ ನೋಡುವುದು, ಅಂಚಿನಲ್ಲಿ ಬರ್ (ಲೋಹದ ಚೂಪು ಸಿಬಿರು) ಉಳಿದಿದೆಯೇ ಎಂದು ಬೆರಳಾಡಿಸುವುದು. ಕೊನೆಗೆ ಚೀಟಿ ಕಟ್ಟುವುದು. ಹಸಿರಾದರೆ ಮುಂದೆ ಹೋಗಬಹುದು, ಹಳದಿಯಾದರೆ ರಿವರ್ಕ್ ಎಂದರೆ ಮತ್ತೆ ತಿದ್ದಬೇಕು, ಕೆಂಪಾದರೆ ಗುಜರಿ. ಸಿನಿಮಾಕ್ಕೆ ನಕ್ಷತ್ರ ಕೊಡುವ ಅಭ್ಯಾಸ ನನಗಿಲ್ಲ, ಆದರೆ ಮನಸ್ಸಿನಲ್ಲಿ ಚೀಟಿ ಕಟ್ಟದೆ ಎದ್ದು ಬಂದದ್ದೂ ಇಲ್ಲ. ನಾನು ನೋಡುವುದು ಒಂದನ್ನೇ: ತೆರೆಯ ಮೇಲಿನ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ, ಅದನ್ನು ಮಾಡುವಾಗ ಅವನ ಕೈ ಹೇಗೆ ಆಡುತ್ತದೆ. ಅಷ್ಟು ಸರಿಯಿದ್ದರೆ ಮುಂದೆ ಅವನಿಗೆ ದೆವ್ವ ಹಿಡಿದರೂ ನಂಬುತ್ತೇನೆ, ಅವನು ಆಕಾಶಕ್ಕೆ ಹಾರಿದರೂ ನಂಬುತ್ತೇನೆ. ಅದು ತಪ್ಪಿತೆಂದರೆ ಅವನು ತಾಯಿಯ ಕಾಲು ಹಿಡಿದು ಎಷ್ಟು ಅತ್ತರೂ ನನ್ನ ಕಣ್ಣು ಒದ್ದೆಯಾಗುವುದಿಲ್ಲ. ‘ಅವ್ವಾ, ನೀನು ಸಿನಿಮಾ ನೋಡುತ್ತೀಯೋ ತಪಾಸಣೆ ಮಾಡುತ್ತೀಯೋ?’ ಎಂದು ಮಗಳು ಕೇಳುತ್ತಾಳೆ. ಎರಡೂ ಒಂದೇ ಟಿಕೆಟ್ಟಿಗೆ ಸಿಗುವಾಗ ಬಿಡುವುದೇಕೆ?

ಮೊನ್ನೆ ಒಂದು ದೊಡ್ಡ ತಾರೆಯ ಹೊಡೆದಾಟದ ಚಿತ್ರದಿಂದ ಮಧ್ಯಂತರದಲ್ಲೇ ಎದ್ದು ಬಂದೆ. ಹೆಸರು ಬೇಡ, ಅಂಥವು ಪ್ರತಿ ತಿಂಗಳು ಬರುತ್ತವೆ. ನಾಯಕ ಎಂಜಿನಿಯರಂತೆ. ಅವನ ಅಂಗಿಯ ಜೇಬಿನಲ್ಲಿ ಒಂದು ಪೆನ್ನೂ ಇರಲಿಲ್ಲ. ಯಂತ್ರದ ಪಕ್ಕ ಸಡಿಲವಾದ ಶಾಲು ಹೊದ್ದು ನಿಂತಿದ್ದ. ನಮ್ಮಲ್ಲಿ ಹಾಗೆ ನಿಂತರೆ ಸೂಪರ್‌ವೈಸರ್ ಶಾಲಿನ ಜೊತೆ ಅವನನ್ನೂ ಗೇಟಿನ ಹೊರಗೆ ಕಳಿಸುತ್ತಾರೆ.

ಆಕಾಶಕ್ಕೆ ಹಾರುವ ಮಾತು ಸುಮ್ಮನೆ ಆಡಿದ್ದಲ್ಲ. ರೀಮಾ ಕಾಗ್ತಿ ನಿರ್ದೇಶನದ ‘ಸೂಪರ್‌ಬಾಯ್ಸ್ ಆಫ್ ಮಾಲೆಗಾಂವ್’ 2025ರ ಫೆಬ್ರುವರಿ ಕೊನೆಗೆ ಬಂದಿತ್ತು. ಚಿತ್ರಮಂದಿರದಲ್ಲಿ ನೋಡಲಾಗಲಿಲ್ಲ, ಮನೆಯಲ್ಲಿ ನೋಡಿದೆವು. ನಾಸಿಕ ಜಿಲ್ಲೆಯ ಮಾಲೆಗಾಂವದಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ ಮತ್ತು ಅವನ ಗೆಳೆಯರು ಕೈಯಲ್ಲಿ ಕಾಸಿಲ್ಲದೆ ‘ಶೋಲೆ’ಯನ್ನು ತಮ್ಮೂರಿನ ರೀತಿಯಲ್ಲಿ ತೆಗೆದ ಕಥೆ. ಇದು ನಡೆದದ್ದು. ಆದರ್ಶ್ ಗೌರವ್ ನಾಸಿರ್ ಆಗಿದ್ದಾರೆ, ವಿನೀತ್ ಕುಮಾರ್ ಸಿಂಗ್ ಬರಹಗಾರ ಫರೋಗ್, ಶಶಾಂಕ್ ಅರೋರಾ ಶಫೀಕ್. ಗೆಳೆತನ, ಮನಸ್ತಾಪ, ಮತ್ತೆ ಒಂದಾಗುವುದು, ಎಲ್ಲ ಹದವಾಗಿ ಇದೆ. ನಮ್ಮ ಮನೆಯವರು ಸಿನಿಮಾ ಎಂದರೆ ಅರ್ಧ ತಾಸಿನೊಳಗೆ ಗೊರಕೆ ಹೊಡೆಯುವವರು. ಕೊನೆಯವರೆಗೆ ಎದ್ದೇ ಇದ್ದರು. ಎದ್ದಿದ್ದು ಕನ್ನಡಕ ಒರೆಸಿಕೊಂಡರು ಕೂಡ.

ನನಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. ನನ್ನ ತವರು ಬೆಟಗೇರಿ, ಗದಗಕ್ಕೆ ಅಂಟಿಕೊಂಡ ಮಗ್ಗದ ಊರು. ಅಪ್ಪ ವಿದ್ಯುತ್ ಮಗ್ಗ ನಡೆಸುತ್ತಿದ್ದರು, ಅವ್ವ ಕಂಡಿಕೆ ಸುತ್ತುತ್ತಿದ್ದಳು. ಮಗ್ಗದ ಮನೆಯವರು ಎಲ್ಲಿ ಕುಳಿತರೂ ಜೋರಾಗಿ ಮಾತನಾಡುತ್ತಾರೆ. ನಮ್ಮ ಮದುವೆಯಾದ ಹೊಸತರಲ್ಲಿ ಅತ್ತೆ ‘ಯಾಕಮ್ಮಾ ಜಗಳ?’ ಎಂದು ಕೇಳುತ್ತಿದ್ದರು. ನಾನು ಉಪ್ಪು ಎಲ್ಲಿದೆ ಎಂದಷ್ಟೇ ಕೇಳಿರುತ್ತಿದ್ದೆ. ಹಾಗಾಗಿ ಈ ಚಿತ್ರ ಮುಗಿದ ಮೇಲೆ ಅದೇ ಊರಿನ ಮೇಲೆ ಫೈಜಾ ಅಹ್ಮದ್ ಖಾನ್ ಮಾಡಿದ ‘ಸೂಪರ್‌ಮೆನ್ ಆಫ್ ಮಾಲೆಗಾಂವ್’ ಎಂಬ ಸಾಕ್ಷ್ಯಚಿತ್ರವನ್ನು ಹುಡುಕಿ ನೋಡಿದೆ. 2012ರಲ್ಲಿ ಅದು ಚಿತ್ರಮಂದಿರಗಳಿಗೂ ಬಂದಿತ್ತಂತೆ, ಆಗ ನನಗೆ ಗೊತ್ತಾಗಿರಲಿಲ್ಲ.

ಅದರಲ್ಲಿ ಇರುವುದು ನಿಜವಾದ ನಾಸಿರ್, ನಿಜವಾದ ಶಫೀಕ್. ‘ಸೂಪರ್‌ಮ್ಯಾನ್’ ಚಿತ್ರದ ತಮ್ಮೂರಿನ ಆವೃತ್ತಿಯನ್ನು ತೆಗೆಯುತ್ತಿದ್ದಾರೆ. ಶಫೀಕ್ ಮಗ್ಗದಲ್ಲಿ ದುಡಿಯುವ ಸಣಕಲು ಹುಡುಗ, ಅವನೇ ಸೂಪರ್‌ಮ್ಯಾನ್. ಕೆಂಪು ಚಡ್ಡಿಯ ಲಾಡಿ ಹೊರಗೆ ಜೋತಾಡುತ್ತಿರುತ್ತದೆ. ಕ್ಯಾಮೆರಾ ಓಡಿಸಲು ಟ್ರಾಲಿಯಿಲ್ಲ, ಸೈಕಲ್ಲಿದೆ. ಕ್ರೇನ್ ಇಲ್ಲ, ಎತ್ತಿನ ಗಾಡಿಯಿದೆ. ಹಾರುವ ದೃಶ್ಯಕ್ಕೆ ಹಸಿರು ಬಟ್ಟೆ ಕಟ್ಟಿ ಹುಡುಗನನ್ನು ಅಡ್ಡ ಮಲಗಿಸುತ್ತಾರೆ. ನಡುವೆ ಇದ್ದ ಒಂದೇ ಕ್ಯಾಮೆರಾ ನೀರಿಗೆ ಬೀಳುತ್ತದೆ. ಈ ಒಂದೊಂದೂ ನಗು ತರಿಸುತ್ತದೆ ನಿಜ, ಆದರೆ ನಾನು ನಕ್ಕಿದ್ದಕ್ಕಿಂತ ಅವರ ಕೈಗಳನ್ನು ನೋಡಿದ್ದೇ ಹೆಚ್ಚು. ತುಂಡಾದ ಎಳೆಯನ್ನು ನಡೆಯುವ ಮಗ್ಗದಲ್ಲೇ ಗಂಟು ಹಾಕಿದವರಿಗೆ, ಲಾಳಿ ಸಿಕ್ಕಿಕೊಂಡರೆ ಮೆಕ್ಯಾನಿಕ್ಕಿಗೆ ಕಾಯದೆ ತಾವೇ ಬಿಚ್ಚಿ ಕಟ್ಟಿದವರಿಗೆ, ಎತ್ತಿನ ಗಾಡಿಯನ್ನು ಕ್ರೇನ್ ಮಾಡುವುದು ದೊಡ್ಡ ಪವಾಡವಲ್ಲ. ಬಡತನ ಅವರನ್ನು ಜಾಣರನ್ನಾಗಿ ಮಾಡಿತು ಎಂದು ಪತ್ರಿಕೆಗಳು ಬರೆಯುತ್ತವೆ. ಅವರನ್ನು ಜಾಣರನ್ನಾಗಿ ಮಾಡಿದ್ದು ಅವರ ಕಸುಬು.

ಇನ್ನೊಂದು ಮಾತು. ಮಾಲೆಗಾಂವದಲ್ಲಿ ಮಗ್ಗಗಳಿಗೆ ರಜೆ ಶುಕ್ರವಾರ, ಅಂದೇ ಹೊಸ ಚಿತ್ರ ಬರುವ ದಿನ. ದುಡಿದವರು ನೇರವಾಗಿ ಟಾಕೀಸಿಗೆ. ಆ ಊರಿಗೆ ಸಿನಿಮಾ ಹುಚ್ಚು ಹಿಡಿಯದೆ ಮತ್ತೇನು ಹಿಡಿಯಬೇಕು? ರಜೆಯ ವಾರ ಒಂದೇ ದಿನ ಆಚೀಚೆಯಾದ ನಮ್ಮ ಭೋಸರಿಯಲ್ಲಿ ಒಂದು ‘ಶೋಲೆ’ಯೂ ಹುಟ್ಟಲಿಲ್ಲ. ಶಫೀಕ್ ಆಮೇಲೆ ಕ್ಯಾನ್ಸರಿನಿಂದ ತೀರಿಕೊಂಡರು. ಆ ಸೂಪರ್‌ಮ್ಯಾನ್ ಪರದೆಯ ಮೇಲೆ ಹೊಡೆದಾಡಿದ್ದು ಗುಟ್ಕಾ, ತಂಬಾಕಿನ ವಿರುದ್ಧ. ಹಿಂದಿ ಚಿತ್ರ ನೋಡಿದವರು ಸಾಕ್ಷ್ಯಚಿತ್ರವನ್ನೂ ನೋಡಬೇಕು. ಒಂದನ್ನೇ ನೋಡುವಷ್ಟು ಹೊತ್ತಿದ್ದರೆ ಸಾಕ್ಷ್ಯಚಿತ್ರವನ್ನೇ ನೋಡಬೇಕು.

ಕೈ ಕೆಲಸವನ್ನೇ ಕಥೆ ಮಾಡಿಕೊಂಡ ಇನ್ನೊಂದು ಚಿತ್ರ ಮಗಳ ಲ್ಯಾಪ್‌ಟಾಪಿನಲ್ಲಿ ನೋಡಿದ ‘ಪರ್ಫೆಕ್ಟ್ ಡೇಸ್’. ಜರ್ಮನಿಯ ವಿಮ್ ವೆಂಡರ್ಸ್ ಜಪಾನಿನಲ್ಲಿ ತೆಗೆದದ್ದು. ಟೋಕಿಯೋದ ಸಾರ್ವಜನಿಕ ಶೌಚಾಲಯಗಳನ್ನು ತೊಳೆಯುವ ಹಿರಾಯಾಮಾ ಎಂಬ ಮಧ್ಯವಯಸ್ಸಿನವನ ದಿನಚರಿ. ಆ ಪಾತ್ರಕ್ಕೆ ಕೋಜಿ ಯಾಕುಶೋ ಅವರಿಗೆ 2023ರ ಕಾನ್ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಬೆಳಗ್ಗೆ ಏಳುತ್ತಾನೆ, ಹಾಸಿಗೆ ಮಡಿಸುತ್ತಾನೆ, ಸಸಿಗಳಿಗೆ ನೀರು ಚಿಮುಕಿಸುತ್ತಾನೆ, ಯಂತ್ರದಿಂದ ಡಬ್ಬಿ ಕಾಫಿ ತೆಗೆದುಕೊಂಡು ವ್ಯಾನಿನಲ್ಲಿ ಹಳೆಯ ಕ್ಯಾಸೆಟ್ ಹಾಕಿ ಹೊರಡುತ್ತಾನೆ. ಮಾತು ಕಡಿಮೆ. ಮೊದಲ ಇಪ್ಪತ್ತು ನಿಮಿಷ ‘ಏನೂ ಆಗುತ್ತಿಲ್ಲವಲ್ಲ’ ಎಂದು ಮನೆಯವರು ಎದ್ದು ಹೋದರು.

ಆಗಿದ್ದು ಬಹಳ. ಹಿರಾಯಾಮಾ ಕೈಯಲ್ಲಿ ಒಂದು ಪುಟ್ಟ ಕನ್ನಡಿ ಹಿಡಿದಿರುತ್ತಾನೆ. ಕಣ್ಣಿಗೆ ಬೀಳದ ಜಾಗ, ಕಮೋಡಿನ ಅಂಚಿನ ಕೆಳಭಾಗ, ಅಲ್ಲಿ ಕನ್ನಡಿ ತೂರಿಸಿ ನೋಡುತ್ತಾನೆ. ನಾನು ಕುಳಿತಲ್ಲೇ ಚಪ್ಪಾಳೆ ತಟ್ಟಿದೆ. ಬೋರ್‌ನ (ಕೊರೆದ ರಂಧ್ರದ) ಒಳಗೋಡೆ ನೋಡಲು ನಮ್ಮ ಮೇಜಿನ ಮೇಲೂ ಅಂಥದೇ ಕನ್ನಡಿ ಇದೆ, ಉದ್ದ ಕಡ್ಡಿಗೆ ಕಟ್ಟಿದ್ದು. ಗಿರಾಕಿ ನೋಡದ ಜಾಗವನ್ನು ನೋಡುವವನೇ ತಪಾಸಣೆಯವನು. ಜೊತೆಯ ಹುಡುಗ ತಕಾಶಿ ಮೊಬೈಲ್ ನೋಡುತ್ತ ಒಂದು ಕೈಯಲ್ಲಿ ಉಜ್ಜುತ್ತಾನೆ. ಇಷ್ಟೊಂದು ಯಾಕೆ ತಿಕ್ಕುತ್ತೀರಿ, ಹೇಗೂ ಮತ್ತೆ ಗಲೀಜಾಗುತ್ತದೆ ಎನ್ನುವುದು ಅವನ ವಾದ. ಆ ಹುಡುಗ ಪ್ರತಿ ಶಿಫ್ಟಿನಲ್ಲೂ ಒಬ್ಬ ಇರುತ್ತಾನೆ. ಕೆಟ್ಟವನಲ್ಲ, ಅವನ ಕೈಯಿಂದ ಬಂದ ಮಾಲನ್ನು ಮಾತ್ರ ಎರಡು ಸಲ ಅಳೆಯಬೇಕು.

ಆದರೂ ಈ ಚಿತ್ರಕ್ಕೆ ಹಸಿರು ಚೀಟಿ ಕಟ್ಟಲು ಕೈ ಬರಲಿಲ್ಲ. ಆ ಶೌಚಾಲಯಗಳೆಲ್ಲ ಟೋಕಿಯೋದ ಶಿಬುಯಾದಲ್ಲಿ ಹೆಸರಾಂತ ವಾಸ್ತುಶಿಲ್ಪಿಗಳು ಕಟ್ಟಿದವು. ಒಂದಂತೂ ಶಿಗೆರು ಬಾನ್ ಅವರದು, ಬಣ್ಣದ ಗಾಜಿನ ಗೋಡೆ, ಒಳಗಿನಿಂದ ಚಿಲಕ ಹಾಕಿದರೆ ಮಸುಕಾಗುತ್ತದೆ. ಆ ಶೌಚಾಲಯಗಳ ಕುರಿತು ಕಿರುಚಿತ್ರ ಮಾಡಿಕೊಡಿ ಎಂದು ವೆಂಡರ್ಸ್ ಅವರನ್ನು ಕರೆದಿದ್ದರಂತೆ, ಅದೇ ಬೆಳೆದು ಈ ಚಿತ್ರವಾಯಿತು. ಅದಕ್ಕೇ ಇರಬೇಕು, ಇಡೀ ಚಿತ್ರದಲ್ಲಿ ಮೂಗು ಮುಚ್ಚಿಕೊಳ್ಳುವಂಥ ಗಲೀಜು ಒಂದು ಕಡೆಯೂ ಕಾಣುವುದಿಲ್ಲ. ಆಗಲೇ ತೊಳೆದಿಟ್ಟದ್ದನ್ನು ಹಿರಾಯಾಮಾ ಮತ್ತೊಮ್ಮೆ ತೊಳೆಯುತ್ತಿದ್ದಾನೆ.

ನಮ್ಮ ಕಾರಖಾನೆಯಲ್ಲಿ ಸ್ವಚ್ಛತೆ ನೋಡಿಕೊಳ್ಳುವ ಮಾವಶಿಗೆ ಊಟದ ಹೊತ್ತಿನಲ್ಲಿ ಈ ಕಥೆ ಹೇಳಿದೆ. ಅವರು ಲಾತೂರಿನ ಕಡೆಯವರು, ಗಂಡನ ಜೊತೆ ಪಿಂಪ್ರಿಗೆ ಬಂದು ಬಹಳ ವರ್ಷವಾಯಿತು. ಡಬ್ಬಿ ಮುಚ್ಚಿ ಗಮನವಿಟ್ಟು ಕೇಳಿದರು.

‘ಕೈಗವಸು ಕೊಟ್ಟಿದ್ದರೇ?’

‘ಕೊಟ್ಟಿದ್ದರು ಮಾವಶಿ.’

‘ನೀರು ಇಡೀ ದಿನ ಬರುತ್ತಿತ್ತೇ?’

‘ಬರುತ್ತಿತ್ತು.’

‘ಪಗಾರ ಎಷ್ಟು?’

ಅದನ್ನು ಚಿತ್ರದಲ್ಲಿ ಹೇಳಲಿಲ್ಲ ಎಂದೆ. ಒಮ್ಮೆ ಪೆಟ್ರೋಲಿಗೆ ದುಡ್ಡಿಲ್ಲದೆ ಅವನು ತನ್ನ ಒಂದು ಕ್ಯಾಸೆಟ್ ಮಾರುತ್ತಾನೆ ಎಂದೂ ಹೇಳಿದೆ. ‘ಹಾಗಾದರೆ ಪಗಾರ ಕಡಿಮೆಯೇ’ ಎಂದು ಮಾವಶಿ ತೀರ್ಮಾನಿಸಿದರು. ‘ಮ್ಯಾಡಮ್, ಪಗಾರ ಕಡಿಮೆ ಇದ್ದೂ ಅವನು ನಗುತ್ತಾನೆ ಅಂದರೆ ಅವನಿಗೆ ಮಕ್ಕಳ ಫೀಸು ಕಟ್ಟುವ ಹೊರೆ ಇಲ್ಲ.’ ಹಿರಾಯಾಮಾ ಒಂಟಿ. ಶ್ರೀಮಂತ ತಂಗಿಯೊಬ್ಬಳು ಕಾರಿನಲ್ಲಿ ಬಂದು, ನಿಜವಾಗಿಯೂ ಶೌಚಾಲಯ ತೊಳೆಯುತ್ತೀಯಾ ಎಂದು ಕೇಳಿ ಹೋಗುತ್ತಾಳೆ. ಅಂದರೆ ಆ ಬದುಕು ಅವನಿಗೆ ಬಂದದ್ದಲ್ಲ, ಅವನು ಆರಿಸಿಕೊಂಡದ್ದು. ಮಾವಶಿಯ ಒಂದು ಮಾತಿನಲ್ಲಿ ಇದ್ದ ವಿಮರ್ಶೆ ನಾನು ಓದಿದ ಯಾವ ಲೇಖನದಲ್ಲೂ ಸಿಗಲಿಲ್ಲ. ಹಳದಿ ಚೀಟಿ. ಯಾಕುಶೋ ಅವರ ಮುಖಕ್ಕೆ ಮಾತ್ರ ಹಸಿರು.

ಈಗ ದೆವ್ವದ ವಿಷಯ. ‘ಸು ಫ್ರಮ್ ಸೋ’ ನೋಡಲು ಗುರುವಾರದವರೆಗೆ ಕಾಯಲು ಆಗಲಿಲ್ಲ. 2025ರ ಜುಲೈ ಕೊನೆಯಲ್ಲಿ ಬಂದ ಚಿತ್ರ, ಬೆಂಗಳೂರಿನಲ್ಲಿ ಟಿಕೆಟ್ ಸಿಗುತ್ತಿಲ್ಲ ಎಂದು ತಮ್ಮ ಫೋನ್ ಮಾಡಿದ್ದ. ನಮ್ಮ ಬಡಾವಣೆಯ ಕನ್ನಡಿಗರೆಲ್ಲ ಸೇರಿ ಎರಡನೆಯ ಶಿಫ್ಟ್ ಮುಗಿಸಿ ಬಂದವರನ್ನೂ ಎಳೆದುಕೊಂಡು ರಾತ್ರಿಯ ಆಟಕ್ಕೆ ಹೋದೆವು. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ತಾವೇ ಅಶೋಕನಾಗಿ ನಟಿಸಿದ್ದಾರೆ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರು, ಗುರೂಜಿಯ ಪಾತ್ರವನ್ನೂ ಮಾಡಿದ್ದಾರೆ. ಕರಾವಳಿಯ ಒಂದು ಹಳ್ಳಿ. ಅಶೋಕ ಒಂದು ಪೇಚಿನಿಂದ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಆ ದೆವ್ವಕ್ಕೆ ಹೆಸರೂ ವಿಳಾಸವೂ ಸಿಕ್ಕಿಬಿಡುತ್ತದೆ: ಸೋಮೇಶ್ವರದ ಸುಲೋಚನಾ. ಅಲ್ಲಿಂದ ಇಡೀ ಊರಿಗೆ ಅದೇ ಉದ್ಯೋಗ.

ನಾವು ಗದಗ, ಹುಬ್ಬಳ್ಳಿ, ವಿಜಯಪುರದವರು. ಮಂಗಳೂರಿನ ಕನ್ನಡ ಕಿವಿಗೆ ಹೊಂದಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲ ಹತ್ತು ನಿಮಿಷ ಮುಂದಿನ ಸಾಲಿನ ಉಡುಪಿಯವರು ನಕ್ಕ ಮೇಲೆ ನಾವು ನಗುತ್ತಿದ್ದೆವು. ಆಮೇಲೆ ಯಾರಿಗೂ ಯಾರ ಹಂಗೂ ಉಳಿಯಲಿಲ್ಲ. ಶನೀಲ್ ಗೌತಮ್ ಮಾಡಿದ ರವಿಯಣ್ಣನಂಥವರು ಪ್ರತಿ ಊರಿನಲ್ಲೂ ಇರುತ್ತಾರೆ. ಸಾವಿರಲಿ, ಮದುವೆಯಿರಲಿ, ಅವರು ಬಂದು ನಿಂತ ಮೇಲೆಯೇ ಕುರ್ಚಿ ಎಲ್ಲಿಡಬೇಕೆಂದು ತೀರ್ಮಾನವಾಗುತ್ತದೆ. ಅವರಿಗೆ ಯಾರೂ ಆ ಹುದ್ದೆ ಕೊಟ್ಟಿಲ್ಲ, ಅವರಿಂದ ಯಾರೂ ಕಸಿಯುವಂತೆಯೂ ಇಲ್ಲ. ಊರಿನ ಕೆಲಸ ಎಂದರೆ ಏನು, ಅದನ್ನು ಯಾರು ಮಾಡುತ್ತಾರೆ, ಯಾರು ಮಾಡಿದಂತೆ ಓಡಾಡುತ್ತಾರೆ ಎನ್ನುವುದು ಈ ಚಿತ್ರದವರಿಗೆ ಚೆನ್ನಾಗಿ ಗೊತ್ತು. ಅದು ಗೊತ್ತಿರುವುದರಿಂದಲೇ ದೆವ್ವ ಬಂದಾಗ ಊರು ಹೇಗೆ ವರ್ತಿಸುತ್ತದೆ ಎನ್ನುವುದೂ ಸುಳ್ಳೆನಿಸುವುದಿಲ್ಲ. ಸುಲೋಚನಾಳ ಮಗಳು ಭಾನು ಬಂದ ಮೇಲೆ ನಗೆಯ ಕೆಳಗೆ ಬೇರೆಯದೇ ವಿಷಯವೊಂದು ಏಳುತ್ತದೆ. ಬದುಕಿದ್ದಾಗ ಮಾತಿಗೆ ಬೆಲೆಯಿಲ್ಲದ ಹೆಂಗಸಿಗೆ ಸತ್ತ ಮೇಲೆ ಊರೆಲ್ಲ ಕೈ ಮುಗಿಯುತ್ತದೆ. ಅಲ್ಲಿ ಚಿತ್ರ ಸ್ವಲ್ಪ ಅವಸರ ಮಾಡಿತು ಎಂದು ನನ್ನ ತಕರಾರು. ಭಾನುವಿನ ಪಾತ್ರದ ಸಂಧ್ಯಾ ಅರೆಕೆರೆಗೆ ಇನ್ನಷ್ಟು ಹೊತ್ತು ಕೊಡಬಹುದಿತ್ತು. ಹಾಗಿದ್ದರೂ ಹಸಿರು.

‘ಕಾಂತಾರ: ಚಾಪ್ಟರ್ 1’ ಬಗ್ಗೆ ಕಡಿಮೆ ಹೇಳುತ್ತೇನೆ, ಏಕೆಂದರೆ ಎಲ್ಲರೂ ಹೇಳಿಯಾಗಿದೆ. ಅಕ್ಟೋಬರ್ 2ರಂದು ಬಂತು, ಕಾರಖಾನೆಯ ಮರಾಠಿ ಹುಡುಗರೂ ಹಿಂದಿಯಲ್ಲಿ ನೋಡಿ ಬಂದು ನನ್ನನ್ನು ಊರಿನ ದೈವಗಳ ಬಗ್ಗೆ ಕೇಳಿದರು. ಬೆಟಗೇರಿಯವಳಿಗೆ ತುಳುನಾಡಿನ ದೈವಗಳ ಬಗ್ಗೆ ಏನು ಗೊತ್ತಿರಬೇಕು? ಕನ್ನಡದವಳು ಎಂದ ಮೇಲೆ ಗೊತ್ತಿರಲೇಬೇಕು ಎಂದು ಅವರ ಲೆಕ್ಕ. ನನಗೆ ಹಿಡಿಸಿದ್ದು ಕಾಡಿನವರು ಬಂದರಿಗೆ ಇಳಿದು ವ್ಯಾಪಾರಕ್ಕೆ ನಿಲ್ಲುವ ಭಾಗ. ಮೆಣಸು, ಏಲಕ್ಕಿ ಬೆಳೆಯುವವನಿಗೂ ಅದರ ಬೆಲೆ ಹೇಳುವವನಿಗೂ ನಡುವೆ ಎಷ್ಟು ದೂರವಿದೆ ಎನ್ನುವುದು ಅಲ್ಲಿ ತಟ್ಟುತ್ತದೆ. ರಥ ಓಡುವ ದೃಶ್ಯದಲ್ಲಿ ನಾನೂ ಕುರ್ಚಿ ಹಿಡಿದುಕೊಂಡೆ. ಯುದ್ಧ ಶುರುವಾದ ಮೇಲೆ ಸದ್ದು ಹೆಚ್ಚಿತು, ಮನುಷ್ಯರು ಕಡಿಮೆಯಾದರು. ಅರಮನೆಯವರ ಬಟ್ಟೆಗಳು ಅಂಗಡಿಯ ಮಡಿಕೆ ಬಿಚ್ಚಿ ಈಗಷ್ಟೇ ಉಟ್ಟಂತೆ ಕಂಡವು, ಕಾಡಿನವರ ಬಟ್ಟೆ ಮಾತ್ರ ಮೈಗೆ ಒಗ್ಗಿತ್ತು. ಮಗ್ಗದ ಮನೆಯ ಕಣ್ಣು, ಏನು ಮಾಡುವುದು!

ಬೆಲೆ ಹೇಳುವವರ ಮಾತು ಬಂದಾಗ ‘ಸ್ಥಳ್’ ನೆನಪಾಗುತ್ತದೆ. ಜಯಂತ್ ದಿಗಂಬರ್ ಸೋಮಲಕರ್ ಅವರ ಮರಾಠಿ ಚಿತ್ರ. 2023ರಲ್ಲಿ ಟೊರಾಂಟೊ ಉತ್ಸವದಲ್ಲಿ ಏಷ್ಯಾದ ಚಿತ್ರಗಳಿಗೆ ಕೊಡುವ ನೆಟ್‌ಪ್ಯಾಕ್ ಪ್ರಶಸ್ತಿ ಪಡೆದಿದ್ದರೂ ಇಲ್ಲಿ ಬಿಡುಗಡೆಯಾದದ್ದು 2025ರ ಮಾರ್ಚಿನಲ್ಲಿ. ಚಂದ್ರಪುರ ಜಿಲ್ಲೆಯ ಡೋಂಗರಗಾಂವ್ ನಿರ್ದೇಶಕರ ಸ್ವಂತ ಊರು. ಅಲ್ಲೇ, ಆ ಕಡೆಯ ಜನರನ್ನೇ ಇಟ್ಟುಕೊಂಡು ತೆಗೆದಿದ್ದಾರೆ. ಸವಿತಾ ಎಂಬ ಓದುವ ಹುಡುಗಿಯನ್ನು ನೋಡಲು ವರನ ಕಡೆಯವರು ಬರುತ್ತಾರೆ, ಹೋಗುತ್ತಾರೆ, ಬೇರೆಯವರು ಬರುತ್ತಾರೆ. ನಂದಿನಿ ಚಿಕಟೆ ಸ್ಟೂಲಿನ ಮೇಲೆ ಕುಳಿತು ಪ್ರತಿ ಸಲವೂ ಅದೇ ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ. ಹೆಸರೇನು, ಎತ್ತರ ಎಷ್ಟು, ಏನು ಓದುತ್ತೀಯಾ. ಚಿತ್ರ ಶುರುವಾಗುವುದು ಒಂದು ಕನಸಿನಿಂದ. ಅಲ್ಲಿ ಹೆಂಗಸರು ಸಾಲಾಗಿ ಕುಳಿತಿರುತ್ತಾರೆ, ಸ್ಟೂಲಿನ ಮೇಲೆ ಗಂಡು. ಚಿತ್ರಮಂದಿರದಲ್ಲಿ ನಮ್ಮ ಸಾಲಿನ ಹೆಂಗಸರೆಲ್ಲ ಜೋರಾಗಿ ನಕ್ಕರು. ಆ ನಗು ಮತ್ತೆ ಬರಲಿಲ್ಲ.

ನಾನು ನೋಡಲು ಹೋದದ್ದು ಪಕ್ಕದ ಮೇಜಿನ ಸಹೋದ್ಯೋಗಿಯ ಜೊತೆ. ಅವಳು ಯವತಮಾಳದವಳು, ಅಪ್ಪ ಹತ್ತಿ ಬೆಳೆಯುವವರು. ಸವಿತಾಳ ಅಪ್ಪನೂ ಹತ್ತಿಯ ರೈತ. ಹತ್ತಿಗೆ ಬೆಲೆ ಬಂದರೆ ವರದಕ್ಷಿಣೆಗೆ ದಾರಿ, ಬಾರದಿದ್ದರೆ ಹೊಲಕ್ಕೆ ಕುತ್ತು. ವ್ಯಾಪಾರಿ ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡುವುದಕ್ಕೂ ವರನ ಕಡೆಯ ಹಿರಿಯರು ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡುವುದಕ್ಕೂ ವ್ಯತ್ಯಾಸವಿಲ್ಲ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ‘ಹೆಣ್ಣು ನೋಡಲು ಬಂದವರಿಗೆ ನಮ್ಮಲ್ಲಿ ಕಾಂದೆ ಪೋಹೆ, ನಿಮ್ಮಲ್ಲಿ ಏನು?’ ಎಂದು ಬರುವಾಗ ಅವಳು ಕೇಳಿದಳು. ಉಪ್ಪಿಟ್ಟು, ಶಿರಾ ಎಂದೆ. ನನ್ನನ್ನು ನೋಡಲು ಬಂದವರಲ್ಲಿ ಒಬ್ಬರು ಉಪ್ಪಿಟ್ಟಿಗೆ ಉಪ್ಪು ಕಡಿಮೆ ಎಂದು ಎಲ್ಲರೆದುರು ಹೇಳಿ, ತಟ್ಟೆ ಖಾಲಿ ಮಾಡಿ, ಆಮೇಲೆ ಹುಡುಗಿ ಸ್ವಲ್ಪ ಕುಳ್ಳಗಾಯಿತು ಎಂದು ಹೇಳಿ ಕಳಿಸಿದ್ದರು. ಅಳತೆಗೋಲು ಇರುವ ಕೆಲಸಕ್ಕೆ ನಾನು ಸೇರಿದ್ದು ಅದರ ಮರುವರ್ಷ. ಈಗ ಅಳೆಯುವವಳು ನಾನು, ಮತ್ತು ನನ್ನ ಹತ್ತಿರ ಡ್ರಾಯಿಂಗ್ ಇರುತ್ತದೆ: ಇಷ್ಟೇ ಇರಬೇಕು, ಇಷ್ಟು ಹೆಚ್ಚುಕಡಿಮೆ ನಡೆಯುತ್ತದೆ ಎಂದು ಬರೆದಿರುತ್ತದೆ. ಸವಿತಾಳನ್ನು ಅಳೆಯುವವರ ಹತ್ತಿರ ಅದೂ ಇಲ್ಲ. ಕೊನೆಯ ದೃಶ್ಯ ಹೇಳುವುದಿಲ್ಲ. 2025ರಲ್ಲಿ ನಾನು ಯಾರಿಗಾದರೂ ಒತ್ತಾಯ ಮಾಡಿ ತೋರಿಸಿದ ಚಿತ್ರವಿದ್ದರೆ ಇದೇ.

ಮೂಗು ಮುರಿಯುತ್ತ ಹೋದದ್ದು ಕಾರು ಓಟದ ಚಿತ್ರ ‘ಎಫ್1’ಗೆ. ಬ್ರಾಡ್ ಪಿಟ್ ಮುದಿ ಚಾಲಕ, ಸೋಲುತ್ತಿರುವ ತಂಡ, ಕೊನೆಗೆ ಏನಾಗುತ್ತದೆ ಎಂದು ಪೋಸ್ಟರ್ ನೋಡಿದರೇ ಗೊತ್ತು. ಆದರೆ ನಟ್ಟು ಬೋಲ್ಟುಗಳ ನಡುವೆ ಬಾಳುವೆ ಮಾಡುವವಳಿಗೆ ಓಟದ ನಡುವೆ ಚಕ್ರ ಬದಲಿಸಲು ನಿಲ್ಲುವ ಪಿಟ್ ಸ್ಟಾಪ್ ಎಂದರೆ ದೇವರ ದರ್ಶನ. ಚಕ್ರಕ್ಕೆ ಒಂದೇ ನಟ್ಟು, ಒಂದೇ ಗನ್, ನಾಲ್ಕೂ ಚಕ್ರ ಎರಡು ಸೆಕೆಂಡಿನ ಆಸುಪಾಸಿನಲ್ಲಿ ಬದಲು. ನಿಜವಾದ ಸ್ಪರ್ಧೆಯಲ್ಲಿ ಮೆಕ್‌ಲಾರೆನ್ ತಂಡ 2023ರಲ್ಲಿ ಕತಾರಿನಲ್ಲಿ 1.80 ಸೆಕೆಂಡಿನಲ್ಲಿ ಮುಗಿಸಿದೆ. ನಿರ್ದೇಶಕ ಜೋಸೆಫ್ ಕೊಸಿನ್‌ಸ್ಕಿ ನಿಜವಾದ ಸ್ಪರ್ಧೆಗಳ ನಡುವೆಯೇ ಚಿತ್ರೀಕರಿಸಿದ್ದರಿಂದ ಆ ಗಡಿಬಿಡಿಯಲ್ಲಿ ನಾಟಕೀಯತೆ ಕಡಿಮೆ. ತಾಂತ್ರಿಕ ಮುಖ್ಯಸ್ಥೆಯಾಗಿ ಕೆರಿ ಕಾಂಡನ್ ಇದ್ದಾರೆ. ಅವರನ್ನು ನಾಯಕನ ಪ್ರೇಯಸಿಯಾಗಿಯೂ ದುಡಿಸಿಕೊಂಡದ್ದು ಅನವಶ್ಯಕ.

ನನ್ನ ತಮ್ಮ ಈ ಓಟದ ಹುಚ್ಚಿನವನು. ಅವನ ಜೊತೆ ಫೋನಿನಲ್ಲಿ ಜಗಳವಾದದ್ದು ಬೇರೆ ವಿಷಯಕ್ಕೆ. ಚಿತ್ರದಲ್ಲಿ ನಾಯಕ ಬೇಕೆಂದೇ ಕಾರನ್ನು ತಾಗಿಸಿ, ಚೂರು ಚೆಲ್ಲಿ, ಎಲ್ಲರ ವೇಗ ತಗ್ಗಿಸುವ ಸೇಫ್ಟಿ ಕಾರ್ ಬರುವಂತೆ ಮಾಡಿ ತನ್ನ ತಂಡದ ಹುಡುಗನಿಗೆ ದಾರಿ ಮಾಡಿಕೊಡುತ್ತಾನೆ. ಸಭಾಂಗಣ ಸಿಳ್ಳೆ ಹಾಕುತ್ತದೆ. ಇದೇ ಕೆಲಸ 2008ರಲ್ಲಿ ಸಿಂಗಪುರದಲ್ಲಿ ನಿಜವಾಗಿ ನಡೆದಿತ್ತು. ರೆನೊ ತಂಡದ ನೆಲ್ಸನ್ ಪಿಕೆ ಜೂನಿಯರ್ ಬೇಕೆಂದೇ ಗೋಡೆಗೆ ಗುದ್ದಿಸಿದ, ಜೊತೆಯ ಫರ್ನಾಂಡೊ ಅಲೊನ್ಸೊ ಗೆದ್ದ. ಮರುವರ್ಷ ಅದು ಬಯಲಾಗಿ ದೊಡ್ಡ ಹಗರಣವೇ ಆಯಿತು. ನಿಜದಲ್ಲಿ ಹಗರಣ, ಚಿತ್ರದಲ್ಲಿ ಜಾಣತನ. ‘ಅಕ್ಕಾ, ಅದು ಸಿನಿಮಾ’ ಎಂದ ತಮ್ಮ. ಸಿನಿಮಾ ಎಂದೇ ಕೇಳುತ್ತಿದ್ದೇನೆ. ಕಾರಿನ ಆ ಚೂರಾದ ರೆಕ್ಕೆಯನ್ನು ಯಾರೋ ರಾತ್ರಿಯಿಡೀ ಕುಳಿತು ಪದರ ಪದರವಾಗಿ ಕಟ್ಟಿರುತ್ತಾರೆ, ಇನ್ಯಾರೋ ಅದನ್ನು ಅಳೆದು ಚೀಟಿ ಕಟ್ಟಿರುತ್ತಾರೆ. ಅವರ ಮುಖ ಒಮ್ಮೆ ತೋರಿಸಿದ್ದರೆ ಸಿಳ್ಳೆ ಗಂಟಲಲ್ಲೇ ನಿಲ್ಲುತ್ತಿತ್ತು. ಕೊನೆಗೆ ತಂಡವನ್ನು ಬೀಳಿಸಲು ಖಳ ಹೂಡುವ ಸಂಚು ಬಂದೂಕಿನದಲ್ಲ, ಸುಳ್ಳು ದಾಖಲೆಯದು. ಅದೊಂದಕ್ಕೆ ನಾನು ತಲೆದೂಗಿದೆ. ತಪ್ಪು ಕಾಗದ ಎಂಥ ಕಂಪನಿಯನ್ನೂ ಮಲಗಿಸಬಲ್ಲದು ಎಂದು ಆಡಿಟ್ ಕಂಡವರಿಗೆಲ್ಲ ಗೊತ್ತು.

ಕಾಗದವೇ ಇಲ್ಲದ್ದಕ್ಕೆ ಮನೆ ಕಳೆದುಕೊಳ್ಳುವವಳ ಕಥೆ ‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ನಲ್ಲಿದೆ. ತಡವಾಗಿ ನೋಡಿದೆ. ಪಾಯಲ್ ಕಪಾಡಿಯಾ ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದಿದವರು. 2024ರಲ್ಲಿ ಕಾನ್ ಉತ್ಸವದ ಎರಡನೆಯ ದೊಡ್ಡ ಪ್ರಶಸ್ತಿಯಾದ ಗ್ರ್ಯಾಂಡ್ ಪ್ರಿ ಪಡೆದರು. ಅಲ್ಲಿಯ ಮುಖ್ಯ ಸ್ಪರ್ಧೆಗೆ ಭಾರತದ ಚಿತ್ರವೊಂದು ಹೋಗಿ ಮೂವತ್ತು ವರ್ಷವಾಗಿತ್ತು. ಆ ಇನ್‌ಸ್ಟಿಟ್ಯೂಟ್ ಇರುವುದು ಹಳೆಯ ಪ್ರಭಾತ್ ಸ್ಟುಡಿಯೋದ ಜಾಗದಲ್ಲಿ. ಪ್ರಭಾತ್ ಕಟ್ಟಿದವರಲ್ಲಿ ಒಬ್ಬರಾದ ವಿ. ಶಾಂತಾರಾಮ್ ಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲೂ ಅಲ್ಲಿಯ ಒಂದು ಟಾಕೀಸಿನಲ್ಲೂ ದುಡಿದವರು. ಲಾ ಕಾಲೇಜ್ ರಸ್ತೆಯಲ್ಲಿ ಹಾದುಹೋಗುವಾಗಲೆಲ್ಲ ಇದನ್ನು ಮಗಳಿಗೆ ಹೇಳುತ್ತೇನೆ, ಅವಳು ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತಾಳೆ.

ಚಿತ್ರದಲ್ಲಿ ಮುಂಬೈಯ ಆಸ್ಪತ್ರೆಯೊಂದರ ಇಬ್ಬರು ಮಲಯಾಳಿ ದಾದಿಯರು, ಪ್ರಭಾ ಮತ್ತು ಅನು. ಅದೇ ಆಸ್ಪತ್ರೆಯ ಅಡುಗೆಯ ಪಾರ್ವತಿ ರತ್ನಾಗಿರಿಯ ಕಡೆಯವಳು, ಗಿರಣಿ ಕಾರ್ಮಿಕನ ವಿಧವೆ. ಗಂಡ ಸತ್ತ ಮೇಲೆ ತಾವಿದ್ದ ಖೋಲಿ ತಮ್ಮದೆಂದು ತೋರಿಸಲು ಅವಳ ಹತ್ತಿರ ದಾಖಲೆಯಿಲ್ಲ, ಬಿಲ್ಡರ್ ಅಲ್ಲಿ ಗೋಪುರ ಕಟ್ಟಬೇಕು. ಛಾಯಾ ಕದಂ ಆ ಪಾತ್ರದಲ್ಲಿ ನಟಿಸುತ್ತಿದ್ದಾರೆ ಎಂದು ನನಗೆ ಅನ್ನಿಸಲೇ ಇಲ್ಲ. ನನ್ನ ದೊಡ್ಡಪ್ಪ ಸೊಲ್ಲಾಪುರದ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದ ಮೇಲೆ ಅವರು ಜೋಪಾನ ಮಾಡಿದ್ದು ಎರಡನ್ನೇ: ಹಾಜರಿ ಪುಸ್ತಕದ ಹರಿದ ಹಾಳೆ ಮತ್ತು ಪಾಸಿನ ಫೋಟೋ. 1982ರ ಜನವರಿಯಲ್ಲಿ ಕಾರ್ಮಿಕ ಮುಖಂಡ ದತ್ತಾ ಸಾಮಂತರ ಮುಷ್ಕರ ಶುರುವಾದಾಗ ಮುಂಬೈಯ ಗಿರಣಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಜನ ಇದ್ದರು. ಅಷ್ಟು ಮನೆಗಳಲ್ಲಿ ಎಷ್ಟು ಪಾರ್ವತಿಯರೋ. ಶ್ರೀಮಂತರ ವಸತಿಯ ಜಾಹೀರಾತು ಫಲಕಕ್ಕೆ ಪಾರ್ವತಿ, ಪ್ರಭಾ ಇಬ್ಬರೂ ರಾತ್ರಿ ಕಲ್ಲು ಬೀರುವ ದೃಶ್ಯವೊಂದಿದೆ. ನಮ್ಮ ಮನೆಯವರು ಮಂಚದ ಮೇಲೆ ಎದ್ದು ಕುಳಿತು ‘ಇನ್ನೊಂದು ಹಾಕು’ ಎಂದರು.

ದ್ವಿತೀಯಾರ್ಧ ರತ್ನಾಗಿರಿಯ ಕಡಲಿಗೆ ಹೋದಾಗ ನನ್ನ ಮತ್ತು ಮಗಳ ನಡುವೆ ವಾದ ಎದ್ದಿತು. ಆಸ್ಪತ್ರೆ, ರೈಲು, ಮಳೆ, ಪಾಳಿ, ಎಲ್ಲ ಬಿಟ್ಟು ಚಿತ್ರ ಕನಸಿಗೆ ಜಾರಿತು ಎಂದು ನಾನು. ಅದೇ ಚಿತ್ರದ ಜೀವ ಎಂದು ಅವಳು. ‘ಅವ್ವಾ, ನೀನೇ ಹೇಳುವುದಲ್ಲವೇ, ಕೈ ನೋಡಬೇಕು ಎಂದು? ಮುಳುಗಿದವನನ್ನು ದಡಕ್ಕೆ ತಂದಾಗ ಪ್ರಭಾ ಏನು ಮಾಡುತ್ತಾಳೆ?’ ಎದೆ ಒತ್ತುತ್ತಾಳೆ, ಬಾಯಿಗೆ ಉಸಿರು ಕೊಡುತ್ತಾಳೆ. ಸುತ್ತ ನಿಂತವರು ನೋಡುತ್ತಿರುವಾಗ ಅವಳೊಬ್ಬಳೇ ಕೆಲಸದಲ್ಲಿರುತ್ತಾಳೆ. ಅದಾದ ಮೇಲೆಯೇ ಕನಸು. ನನಗೆ ಎದುರು ಮಾತು ತೋಚಲಿಲ್ಲ, ಆದರೂ ಆ ಭಾಗ ಐದು ನಿಮಿಷ ಉದ್ದವಾಯಿತು ಎಂದು ಈಗಲೂ ಹೇಳುತ್ತೇನೆ.

ನೋಡುವವರಿಗೆ ಒಂದು ಮಾತು: ಚಿತ್ರದ ಬಹುಪಾಲು ರಾತ್ರಿಯಲ್ಲಿ, ಮಳೆಯಲ್ಲಿ ನಡೆಯುತ್ತದೆ. ಟಿವಿಯ ಬೆಳಕು ಹೆಚ್ಚಿಸಿ, ಕಿಟಕಿಯ ಪರದೆ ಎಳೆದುಕೊಳ್ಳಿ. ಮೊಬೈಲಿನಲ್ಲಿ ಮಾತ್ರ ಬೇಡ. ಮಗಳು ಮುಂದಿನ ವಾರಕ್ಕೆ ಮುಂಬೈಯಿಂದ ಉಡುಪಿಗೆ ಬರುವ ಹುಡುಗನ ಕಥೆ ‘ಮಿಥ್ಯ’ ಆರಿಸಿಟ್ಟಿದ್ದಾಳೆ, ನನಗೆ ಎರಡನೆಯ ಶಿಫ್ಟ್ ಇದೆ, ಮನೆಯವರು ನಗುವ ಚಿತ್ರ ಬೇಕೆನ್ನುತ್ತಿದ್ದಾರೆ.